ಗಿಳಿ ಹಾಡುವುದಿಲ್ಲ, ಕೂಗುತ್ತದೆ

ಜನ ದಯೆ ತೋರಿಸತೊಡಗಿದರೆ ನನಗೆ ಮೈ ಉರಿಯುತ್ತದೆ. ಬೈದವರನ್ನು ತಿರುಗಿ ಬೈಯಬಹುದು, ಜಗಳಕ್ಕೆ ಬಂದವರ ಮುಂದೆ ಸೆರಗು ಸಿಕ್ಕಿಸಿ ನಿಲ್ಲಬಹುದು. ಪಾಪ ಎಂದವರನ್ನು ಏನು ಮಾಡುವುದು? ಕಳೆದ ವರ್ಷ ನನಗೆ ಥೈರಾಯ್ಡ್ ಆಪರೇಷನ್ ಆದಾಗಿನಿಂದ ನಾಗಪುರದ ಕನ್ನಡಿಗರೆಲ್ಲ ಸೇರಿ ನನ್ನನ್ನು ‘ಪಾಪ ಬೃಂದಾ’ ಮಾಡಿಬಿಟ್ಟಿದ್ದರು. ಗಂಟು ತೆಗೆದರು, ಜೀವಕ್ಕೇನೂ ಆಗಲಿಲ್ಲ. ಆದರೆ ಗಂಟಲಿನೊಳಗೆ ದನಿ ಹೊರಡಿಸುವ ಎರಡು ತಂತುಗಳಲ್ಲಿ ಒಂದು ಅಲ್ಲಾಡುವುದನ್ನೇ ಬಿಟ್ಟಿತು. ಈಗ ನಾನು ಮಾತಾಡಿದರೆ ಅರ್ಧ ದನಿ, ಅರ್ಧ ಗಾಳಿ. ಮೂರ್ನಾಲ್ಕು ಶಬ್ದಕ್ಕೆ ಉಸಿರು ಮುಗಿಯುತ್ತದೆ, ಮೇಲಿನ ಸ್ವರ ಹಿಡಿಯಲು ಹೋದರೆ ದನಿ ಸೀಳುತ್ತದೆ.

ಮೊದಲು ಹೀಗಿರಲಿಲ್ಲ. ನಾನು ಧಾರವಾಡದಿಂದ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಕನ್ನಡ ಸಂಘದ ಒಂದು ಕಾರ್ಯಕ್ರಮವೂ ನನ್ನ ಹಾಡಿಲ್ಲದೆ ಶುರುವಾಗಿದ್ದಿಲ್ಲ. ಚೆನ್ನಾಗಿ ಹಾಡುತ್ತಿದ್ದೆ. ಇದನ್ನು ಹೇಳಲು ನನಗೇನೂ ಸಂಕೋಚವಿಲ್ಲ.

ಐದು ವರ್ಷದ ಹಿಂದೆ ಸಂಘದ ಕುಟುಂಬ ದಿನಕ್ಕೆಂದು ನಾನು ಒಂದು ಸೂತ್ರದ ಗೊಂಬೆಯಾಟ ಕಟ್ಟಿದ್ದೆ. ಅಜ್ಜಿಯರು ಹೇಳುವ ಅದೇ ಹಳೆಯ ಕಥೆ. ರಾಜಕುಮಾರಿಯನ್ನು ರಾಕ್ಷಸ ಎತ್ತಿಕೊಂಡು ಹೋಗುತ್ತಾನೆ. ಅವನನ್ನು ಯಾರೂ ಕೊಲ್ಲಲಾರರು, ಏಕೆಂದರೆ ಅವನ ಪ್ರಾಣ ಅವನಲ್ಲಿಲ್ಲ. ಏಳು ಸಮುದ್ರದಾಚೆ ಒಂದು ಮರ, ಮರದಲ್ಲಿ ಪಂಜರ, ಪಂಜರದೊಳಗಿನ ಗಿಳಿಯಲ್ಲಿ ಅವನ ಪ್ರಾಣ. ರಾಜಕುಮಾರಿ ಅವನ ತಲೆ ಬಾಚುತ್ತ ಗುಟ್ಟು ತಿಳಿದುಕೊಳ್ಳುತ್ತಾಳೆ, ರಾಜಕುಮಾರ ಹೋಗಿ ಗಿಳಿಯ ಕುತ್ತಿಗೆ ತಿರುವುತ್ತಾನೆ, ರಾಕ್ಷಸ ಬಿದ್ದು ಸಾಯುತ್ತಾನೆ. ಮಾತೆಲ್ಲ ಹಾಡಿನಲ್ಲೇ. ಹಾಡು ಬರೆದವಳು ನಾನು, ರಾಗ ಹಾಕಿದವಳು ನಾನು, ಎಲ್ಲ ಪಾತ್ರಕ್ಕೂ ಹಾಡಿದವಳೂ ನಾನೇ.

ಗೊಂಬೆಗಳನ್ನು ಕೆತ್ತಿಕೊಟ್ಟವನು ಇಲ್ಲಿಯ ಮಹಾಲ್ ಪೇಟೆಯ ಒಬ್ಬ ಬಡಗಿ. ಇಲ್ಲಿ ಎತ್ತುಗಳನ್ನು ಪೂಜಿಸುವ ಪೋಳಾ ಹಬ್ಬದ ಮಾರನೆಯ ದಿನ ತಾನ್ಹಾ ಪೋಳಾ, ಅಂದರೆ ಮಕ್ಕಳ ಪೋಳಾ. ಮಕ್ಕಳು ಗಾಲಿಯ ಮೇಲಿನ ಮರದ ಎತ್ತುಗಳನ್ನು ಸಿಂಗರಿಸಿಕೊಂಡು ಮನೆಮನೆಗೆ ಎಳೆದೊಯ್ಯುತ್ತವೆ, ಹೋದಲ್ಲೆಲ್ಲ ತಿಂಡಿಯನ್ನೋ ಚಿಲ್ಲರೆಯನ್ನೋ ವಸೂಲು ಮಾಡುತ್ತವೆ. ನಮ್ಮ ಬಡಗಿ ಹುಟ್ಟಿದಾಗಿನಿಂದ ಆ ಎತ್ತುಗಳನ್ನೇ ಮಾಡಿದವನು. ಹೀಗಾಗಿ ನಮ್ಮ ರಾಜಕುಮಾರಿಗೂ ರಾಕ್ಷಸನಿಗೂ ಒಂದೇ ಥರದ ಎತ್ತಿನ ಕಣ್ಣು ಬಂದವು. ಕುದುರೆ ತನಗೆ ಬರುವುದಿಲ್ಲ ಎಂದುಬಿಟ್ಟ; ರಾಜಕುಮಾರ ಎತ್ತಿನ ಮೇಲೆಯೇ ಬಂದ. ಬೆಂಗಳೂರಿನಿಂದ ಹೊಸದಾಗಿ ಬಂದವರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಇಲ್ಲಿಯೇ ಹುಟ್ಟಿದ ಮಕ್ಕಳಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಸೂತ್ರದ ಗೊಂಬೆಯ ಭಾರ ಆಡಿಸುವವರ ತಲೆಯ ಮೇಲಿರುತ್ತದೆ. ತಲೆಗೆ ಸಿಂಬಿ, ಸಿಂಬಿಯ ಮೇಲೆ ಕಬ್ಬಿಣದ ಬಳೆ, ಬಳೆಯಿಂದ ಇಳಿದ ದಾರಗಳಲ್ಲಿ ಗೊಂಬೆ. ಎರಡು ಕೈಯಲ್ಲಿ ಗೊಂಬೆಯ ಕೈಗಳ ಸರಳು. ಆಡಿಸುವವರು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಪರದೆಯ ಹಿಂದೆ ತಾವೇ ಕುಣಿಯುತ್ತಾರೆ, ಅವರು ಕುಣಿದಂತೆ ಗೊಂಬೆ ಕುಣಿಯುತ್ತದೆ. ಹಾಡುವವಳು ಪರದೆಯ ಪಕ್ಕಕ್ಕೆ ಜನರಿಗೆ ಕಾಣುವಂತೆ ಕೂತು ಗೊಂಬೆಯ ಹೆಜ್ಜೆ ನೋಡುತ್ತಾಳೆ, ಅವರು ಅವಳ ದನಿ ಕೇಳುತ್ತಾರೆ. ದಾರ ಸಿಕ್ಕುಬಿದ್ದರೆ ಹಾಡು ಕಾಯಬೇಕು. ಆ ವರ್ಷ ಹಾಗೆಯೇ ಆಯಿತು. ಗಿಳಿಯ ಹಾಡಿನ ನಡುವೆ ರಾಜಕುಮಾರನ ಸೊಂಟದ ದಾರ ಪಂಜರದ ಕೊಕ್ಕೆಗೆ ಸಿಕ್ಕಿತು. ಅವನನ್ನು ಹೊತ್ತಿದ್ದ ಅಶ್ವಿನ್ (ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡುವ ಡಾಕ್ಟರು) ಅದನ್ನು ಬಿಡಿಸಿಕೊಳ್ಳುವವರೆಗೆ ನಾನು ಒಂದೇ ಸಾಲನ್ನು ಮತ್ತೆ ಮತ್ತೆ ಬೇರೆ ಬೇರೆ ಥರ ತಿರುಗಿಸಿ ಹಾಡಿದೆ. ‘ಏಳು ಕಡಲ ದಾಟಿ ಬಂದೆ, ಏನ ಬೇಡಿ ಬಂದೆಯೋ.’ ಸಿಕ್ಕುಬಿದ್ದದ್ದು ಜನಕ್ಕೆ ತಿಳಿಯಲೇ ಇಲ್ಲ. ನನ್ನ ಗಂಡ ಹರೀಶ್ ಅದೆಲ್ಲವನ್ನೂ ಸೌಂಡ್‌ನವನಿಂದ ರೆಕಾರ್ಡ್ ಮಾಡಿಸಿಕೊಂಡರು.

ಈ ಸಲ ಅದೇ ಆಟವನ್ನು ಮತ್ತೆ ಆಡೋಣ ಎಂದು ಸಂಘದಲ್ಲಿ ಮಾತಾಯಿತು. ಅಧ್ಯಕ್ಷ ವಾದಿರಾಜ ಬೆಂಗಳೂರಿನವರು, ಇಲ್ಲೊಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ, ಕೆಟ್ಟವರಲ್ಲ. ಅವರ ಮನೆಯಲ್ಲಿ ಸಭೆ ಕರೆದು, ಎಲ್ಲರ ಕೈಗೂ ತರ್ರಿ ಎಂಬ ಖಾರದ ಸಾರು ಸುರಿದ ಪೋಹೆಯ, ಅಂದರೆ ಅವಲಕ್ಕಿಯ, ತಟ್ಟೆ ಕೊಟ್ಟು, ಒಂದು ಸ್ಪೀಕರ್ ತಂದಿಟ್ಟು ಗುಂಡಿ ಒತ್ತಿದರು. ನನ್ನ ದನಿ ಬಂತು. ಹಳೆಯದು. ಎಲ್ಲರೂ ಕಣ್ಣು ಮುಚ್ಚಿಕೊಂಡು ತಲೆದೂಗಿದರು. ನಾನು ಅದೇ ಕೋಣೆಯಲ್ಲಿ ಕೂತಿದ್ದೆ, ನನ್ನ ಕಡೆ ಒಬ್ಬರೂ ನೋಡಲಿಲ್ಲ.

“ನೋಡಿ ಮೇಡಂ, ಇದು ನಾವು ನಿಮಗೆ ಮಾಡೋ ಸನ್ಮಾನ,” ಎಂದರು ವಾದಿರಾಜ. “ಟ್ರ್ಯಾಕ್ ಹಾಕ್ಬಿಡೋಣ. ನೀವು ಪಕ್ಕದಲ್ಲಿ ಮೈಕ್ ಮುಂದೆ ಕೂತ್ಕೊಂಡು ತಾಳ ಹಾಕಿ, ತುಟಿ ಆಡಿಸಿ ಸಾಕು. ಜನಕ್ಕೆ ಗೊತ್ತೂ ಆಗಲ್ಲ.”

“ಏನ ಗೊತ್ತಾಗಂಗಿಲ್ಲ?”

“ಅದೇ… ನಿಮ್ಮ ತೊಂದರೆ.”

“ನಾ ಹಾಡ್ತೀನ್ರಿ,” ಎಂದೆ. ಆ ಎರಡು ಶಬ್ದದಲ್ಲಿಯೇ ದನಿ ಸೀಳಿತು. ಯಾರೋ ಎದ್ದು ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟರು. ಆ ನೀರನ್ನು ನಾನು ಮುಟ್ಟಲಿಲ್ಲ.

“ಈ ರೆಕಾರ್ಡ್ ಯಾರ ಕೊಟ್ರು ನಿಮಗ?” ಎಂದು ಕೇಳಿದೆ. ವಾದಿರಾಜ ಹರೀಶರ ಕಡೆ ನೋಡಿದರು. ಹರೀಶ್ ಪೋಹೆಯ ತಟ್ಟೆಯಲ್ಲಿ ಏನೋ ಕಳೆದುಕೊಂಡವರಂತೆ ಹುಡುಕುತ್ತಿದ್ದರು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಹಿಡಿದುಕೊಂಡೆ. “ನನ್ನ ಕೇಳಲಾರದ ಯಾಕ ಕೊಟ್ರಿ?”

“ಅಷ್ಟ ಚಂದ ಐತಿ, ಬೃಂದಾ. ಜನ ನೆನಪ ಇಟ್ಕೊಳ್ಳಲಿ ಅಂತ.”

“ನೆನಪ ಇಟ್ಕೊಳಾಕ ನಾ ಸತ್ತೀನೇನು?”

ಪಾಪದ ಮನುಷ್ಯ, ನೋಡಿ, ಈ ಶಬ್ದ ನನ್ನ ಬಾಯಿಗೂ ಬರುತ್ತದೆ. ಆಪರೇಷನ್ ಆದ ಮೇಲೆ ಹರೀಶ್ ಬುಟಿಬೋರಿಯ ಕಾರ್ಖಾನೆಗೆ ಹೋಗುವಾಗ ಬರುವಾಗ ಕಾರಿನಲ್ಲಿ ಆ ರೆಕಾರ್ಡನ್ನೇ ಹಚ್ಚಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಕೂತಾಗ ಆರಿಸುತ್ತಿದ್ದರು, ಇಳಿದ ಕೂಡಲೇ ಮತ್ತೆ ಶುರು. ಗೇಟಿನ ತನಕ ಕೇಳಿಸುತ್ತಿತ್ತು. ನನ್ನ ಹಳೆಯ ದನಿ ನನಗೇ ಸವತಿಯಾಗಿತ್ತು. ಅವಳಿಗೆ ವಯಸ್ಸಾಗುವುದಿಲ್ಲ, ಶೀತವಾಗುವುದಿಲ್ಲ, ಗಂಡನ ಮೇಲೆ ಸಿಡುಕುವುದಿಲ್ಲ. ಅಂಥವಳ ಎದುರು ಬದುಕಿರುವ ಹೆಂಗಸು ಗೆಲ್ಲುವುದು ಹೇಗೆ? ಹೊಟ್ಟೆಕಿಚ್ಚಿನಿಂದ ನಾನು ಬೆಂದುಹೋಗಿದ್ದೆ, ಇದನ್ನೂ ಹೇಳಿಬಿಡುತ್ತೇನೆ.

ನನಗೆ ದಾರಿ ತೋರಿಸಿದವು ಗಿಳಿಗಳು. ನಮ್ಮ ಗ್ಯಾಲರಿಯ, ಅಂದರೆ ಬಾಲ್ಕನಿಯ, ಎದುರಿಗೆ ಒಂದು ದೊಡ್ಡ ಬೇವಿನ ಮರವಿದೆ, ಅದರ ತುಂಬ ಗಿಳಿಗಳು. ಡಾಕ್ಟರು ಮಾತಾಡಬೇಡಿ ಎಂದಿದ್ದ ದಿನಗಳಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಅಲ್ಲಿ ಕೂತಿರುತ್ತಿದ್ದೆ. ಗಿಳಿಯ ದನಿ ಹೇಗಿರುತ್ತದೆ ಎಂದು ನೀವು ಯಾವತ್ತಾದರೂ ಕಿವಿಗೊಟ್ಟು ಕೇಳಿದ್ದೀರಾ? ಹೆಣ್ಣುಮಕ್ಕಳನ್ನು ಹೊಗಳಲು ಗಿಣಿಯಂಥ ಮಾತು ಎನ್ನುತ್ತಾರಲ್ಲ, ಅದು ಶುದ್ಧ ಸುಳ್ಳು. ಗಿಳಿ ಕಿರುಚುತ್ತದೆ. ತುಕ್ಕು ಹಿಡಿದ ಬಾಗಿಲನ್ನು ಎಳೆದ ಹಾಗೆ ಒದರುತ್ತದೆ, ಅದೂ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ, ಯಾರಿಗೆ ಏನನಿಸೀತು ಎಂಬ ಯೋಚನೆಯಿಲ್ಲದೆ. ನಾನು ಆಗ ಆಟದ ಗಿಳಿಗೆ ಜೇನಿನಂಥ ರಾಗ ಹಾಕಿ ಹಾಡಿದ್ದೆನಲ್ಲ, ಅದೇ ತಪ್ಪು. ಪರರ ಪ್ರಾಣವನ್ನು ಹೊತ್ತುಕೊಂಡು ಪಂಜರದಲ್ಲಿ ಬಿದ್ದಿರುವ ಹಕ್ಕಿ ಅಷ್ಟು ಸಿಹಿಯಾಗಿ ಯಾಕೆ ಹಾಡುತ್ತದೆ? ಅದಕ್ಕೆ ಸಿಟ್ಟಿರುವುದಿಲ್ಲವೇ?

ಗಿಳಿಯ ಹಾಡನ್ನು ಹೊಸದಾಗಿ ಬರೆದೆ. ನನ್ನ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿಗೇ ಸಾಲು ಮುಗಿಯುವಂತೆ, ಎರಡೆರಡು ಮೂರ್ಮೂರು ಶಬ್ದ. ಬರೆದುಕೊಂಡು ವಾಯುಸೇನಾ ನಗರದ ದೇಚಮ್ಮನ ಕ್ವಾರ್ಟರ್ಸಿಗೆ ಹೋದೆ.

ದೇಚಮ್ಮ ಕೊಡಗಿನವಳು, ಗಂಡ ಅಪ್ಪಣ್ಣ ವಾಯುಸೇನೆಯಲ್ಲಿ ಅಧಿಕಾರಿ. ಆರಡಿ ಹತ್ತಿರದ ಹೆಂಗಸು, ನಮ್ಮ ರಾಕ್ಷಸನನ್ನು ತಲೆಯ ಮೇಲೆ ಹೊರುವವಳು ಅವಳೇ. ಗಿಳಿಗೆ ಅಪಾಯ ಎಂದು ತಿಳಿದು ರಾಕ್ಷಸ ಏಳು ಸಮುದ್ರ ದಾಟಿ ಓಡಿಬರುವ ಕುಣಿತವನ್ನು ಅವಳಂತೆ ಕುಣಿದವರಿಲ್ಲ. ನಾನು ಹೊಸ ಹಾಡು ಹಾಡಿ ಮುಗಿಸುವವರೆಗೆ ಅವಳು ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಿದ್ದಳು.

“ಕೆಟ್ಟದಾಗಿದೆ,” ಎಂದಳು.

ಆಪರೇಷನ್ ಆದ ಮೇಲೆ ನನ್ನ ದನಿಯನ್ನು ಕೆಟ್ಟದಾಗಿದೆ ಎಂದ ಮೊದಲ ಮನುಷ್ಯಳು ಅವಳು. ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು.

“ಇನ್ನೂ ಸ್ವಲ್ಪ ಕೆಟ್ಟದಾಗಿ ಹಾಡು,” ಎಂದಳು ದೇಚಮ್ಮ. “ಈಗ ನೀನು ಹೆದರಿಕೊಂಡು ಅರ್ಧಂಬರ್ಧ ಹಾಡ್ತಿದ್ದೀಯ, ಅಳು ನುಂಗಿದ ಹಾಗೆ ಕೇಳ್ತದೆ. ಪೂರ್ತಿ ಬಿಟ್ಟು ಹಾಡು. ನೀನು ಉಸಿರು ತಗೊಳ್ಳುವಾಗ ನಾನು ಗೆಜ್ಜೆ ಹಾಕ್ತೇನೆ.”

ಹಾಗೆಯೇ ಅಭ್ಯಾಸ ಮಾಡಿದೆವು. ನನ್ನ ಸಾಲು ನಿಂತ ಕಡೆ ಅವಳ ಗೆಜ್ಜೆ, ಅವಳ ಗೆಜ್ಜೆ ನಿಂತ ಕಡೆ ನನ್ನ ಕೂಗು. ಕೆಳಗಿನ ಮನೆಯವರು ಬಂದು ಏನಾದರೂ ತೊಂದರೆಯಾಗಿದೆಯೇ ಎಂದು ಹಿಂದಿಯಲ್ಲಿ ವಿಚಾರಿಸಿಕೊಂಡು ಹೋದರು. ತಿಂಗಳುಗಟ್ಟಲೆ ಆದ ಮೇಲೆ ಅವತ್ತು ನಾನು ಹಸಿದು ಉಂಡೆ.

ವಾದಿರಾಜರ ಹತ್ತಿರ ಹೋಗಿ, ಮಿಕ್ಕಿದ್ದಕ್ಕೆಲ್ಲ ಬೇಕಾದರೆ ಟ್ರ್ಯಾಕ್ ಹಾಕಿ, ಗಿಳಿಯದು ಒಂದನ್ನು ನಾನು ಹಾಡುತ್ತೇನೆ ಎಂದು ಕೇಳಿದೆ. ಹಾಡಿಯೂ ತೋರಿಸಿದೆ. ಅವರ ಮುಖ ಸಣ್ಣದಾಯಿತು.

“ಮೇಡಂ, ಬೇಜಾರ್ ಮಾಡ್ಕೋಬೇಡಿ. ಮಕ್ಕಳು ಹೆದರ್ತಾರೆ.”

“ಎತ್ತಿನ ಕಣ್ಣಿನ ರಾಕ್ಷಸನ್ನ ನೋಡಿ ಹೆದರಂಗಿಲ್ಲ, ನನ್ನ ದನಿ ಕೇಳಿ ಹೆದರ್ತಾರ?”

“ನಾಳೆ ನಿಮಗೇನಾದ್ರೂ ಹೆಚ್ಚುಕಮ್ಮಿ ಆದ್ರೆ? ಯಾರಾದ್ರೂ ನಕ್ಕುಬಿಟ್ರೆ? ನಾವೆಲ್ಲ ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಕಮಿಟಿ ಡಿಸೈಡ್ ಮಾಡಾಗಿದೆ.”

“ಮತ್ತ ಇನ್ನೊಂದು ಕೇಳ್ರಿ. ಆ ರೆಕಾರ್ಡಿನ್ಯಾಗ ಗಿಳಿ ಒಂದ ಸಾಲು ಹತ್ತು ಸಲ ಹಾಡ್ತೈತಿ. ಆವತ್ತ ದಾರ ಸಿಕ್ಕಿತ್ತು, ಅದಕ್ಕ ಹಾಡಿದ್ದು. ಈಗ ಸಿಕ್ಕಲಾರದ ದಾರಕ್ಕ ಅವರು ಯಾಕ ಕುಣೀಬೇಕು?”

“ಅಷ್ಟೊತ್ತು ಸುಮ್ನೆ ಕುಣಿದ್ರೆ ಆಯ್ತು ಬಿಡಿ,” ಎಂದರು ವಾದಿರಾಜ. ಸುಮ್ಮನೆ ಕುಣಿಯುವುದು ಎಂದರೆ ಅವರಿಗೆ ಏನು ಗೊತ್ತು? ಅವರ ತಲೆಯ ಮೇಲೆ ರಾಕ್ಷಸ ಕೂತಿರಲಿಲ್ಲ.

“ಆತು,” ಎಂದೆ. “ಮೈಕ್ ಮುಂದ ಕುಂದರ್ತೀನಿ. ತುಟಿ ಆಡಸಂಗಿಲ್ಲ.”

ಇದನ್ನು ದೇಚಮ್ಮನಿಗೆ ಹೇಳಿದಾಗ ಅವಳು ಗೆಜ್ಜೆಯ ಹಗ್ಗ ಬಿಗಿ ಮಾಡುತ್ತಿದ್ದಳು. ತಲೆ ಎತ್ತದೆ, “ನನಗೆ ಬದುಕಿರುವವರ ದನಿಗೆ ಮಾತ್ರ ಕುಣಿಯಲಿಕ್ಕೆ ಬರ್ತದೆ,” ಎಂದಳು. ನಾನು ಅದನ್ನು ಬರಿಯ ಸಮಾಧಾನದ ಮಾತು ಎಂದುಕೊಂಡೆ.

ಆಟಕ್ಕೆ ವಾದಿರಾಜ ಗೊತ್ತು ಮಾಡಿದ ದಿನ ತಾನ್ಹಾ ಪೋಳಾ. ಆಫೀಸಿನ ರಜೆಗಳನ್ನು ನೋಡಿ ಖಾಲಿ ದಿನ ಸಿಕ್ಕಿತೆಂದು ಹಿಗ್ಗಿದ್ದರೇ ಹೊರತು ಯಾವ ರಜೆ ಎಂದು ಕೇಳಲು ಹೋಗಿರಲಿಲ್ಲ. ಹೀಗಾಗಿ ಧರಂಪೇಠದ ಸಭಾಂಗಣಕ್ಕೆ ನಮ್ಮ ಮಕ್ಕಳೆಲ್ಲ ತಮ್ಮ ತಮ್ಮ ಮರದ ಎತ್ತುಗಳನ್ನು ಎಳೆದುಕೊಂಡೇ ಬಂದವು. ಕೊಂಬಿಗೆ ಬೇಗಡೆ, ಕೊರಳಿಗೆ ಗಂಟೆ, ಬೆನ್ನ ಮೇಲೆ ಜರಿಯ ತುಂಡು. ನೆಲದ ತುಂಬ ಗಾಲಿಗಳ ಗಡಗಡ. ವಾದಿರಾಜರ ಮಗಳು ಧೃತಿ, ಏಳರ ಹುಡುಗಿ, ಎಲ್ಲರಿಗಿಂತ ದೊಡ್ಡ ಎತ್ತನ್ನು ತಂದು ಮುಂದಿನ ಸಾಲಿನಲ್ಲಿ ತನ್ನ ಪಕ್ಕದ ಕುರ್ಚಿಯ ಮೇಲೆ ಕೂರಿಸಿದ್ದಳು. “ಎತ್ತುಗಳನ್ನ ಹೊರಗಡೆ ಇಡಿ,” ಎಂದು ವಾದಿರಾಜ ಮೈಕಿನಲ್ಲಿ ಹೇಳಿದರು. ಒಂದು ಮಗುವೂ ಕೇಳಲಿಲ್ಲ.

ನಾನು ಪರದೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ. ತಾಳಕ್ಕೆ ಒಂದು ಕೈ ತೊಡೆಯ ಮೇಲೆ, ಇನ್ನೊಂದರಲ್ಲಿ ಗಿಳಿಯ ರೆಕ್ಕೆಯ ದಾರ. ಗಿಳಿಯ ಪಂಜರ ವೇದಿಕೆಯ ಅಂಚಿನಲ್ಲಿ ನನ್ನ ತಲೆಯ ಮೇಲೇ ತೂಗುತ್ತಿತ್ತು. ಮೈಕು ಮುಂದಿತ್ತು. ಟ್ರ್ಯಾಕ್ ಶುರುವಾಯಿತು. ನನ್ನ ಹಳೆಯ ದನಿ ಸಭಾಂಗಣದ ನಾಲ್ಕೂ ಮೂಲೆಯಿಂದ ಬಂತು. ನಾನು ತುಟಿ ಬಿಗಿಹಿಡಿದು ಕೂತೆ. ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ವಾದಿರಾಜ ಬಾಗಿಲ ಹತ್ತಿರದಿಂದ ನನ್ನ ಕಡೆ ನೋಡಿ, ಬಾಯಿ ಆಡಿಸಿ ಎಂದು ತಮ್ಮ ಬಾಯಿ ಆಡಿಸಿ ತೋರಿಸಿದರು. ನಾನು ಅವರನ್ನೇ ನೋಡುತ್ತ ತಾಳ ಹಾಕಿದೆ.

ರಾಜಕುಮಾರಿ ರಾಕ್ಷಸನ ತಲೆ ಬಾಚಿದಳು, ಗುಟ್ಟು ಕೇಳಿದಳು. ರಾಜಕುಮಾರ ಎತ್ತನ್ನೇರಿ ಹೊರಟಾಗ ಮಕ್ಕಳು ತಮ್ಮ ಎತ್ತುಗಳ ಗಂಟೆ ಅಲ್ಲಾಡಿಸಿದರು. ಅವನು ಮರದ ಹತ್ತಿರ ಬಂದ. ಗಿಳಿಯ ಹಾಡು ಶುರುವಾಯಿತು. ಆ ಬದಿಯಿಂದ ದೇಚಮ್ಮನ ರಾಕ್ಷಸ ಗೆಜ್ಜೆ ಝಲ್ಲೆನಿಸುತ್ತ ಓಡಿಬಂದ. ‘ಏಳು ಕಡಲ ದಾಟಿ ಬಂದೆ, ಏನ ಬೇಡಿ ಬಂದೆಯೋ.’ ಹಳೆಯ ದನಿ ಆ ಸಾಲು ಹಾಡಿತು. ಮತ್ತೆ ಹಾಡಿತು. ಅಶ್ವಿನ್ ಹೊತ್ತಿದ್ದ ರಾಜಕುಮಾರ ಪಂಜರಕ್ಕೆ ಕೈ ಚಾಚಿ ನಿಂತಾಗಿತ್ತು, ಯಾವ ದಾರವೂ ಎಲ್ಲಿಯೂ ಸಿಕ್ಕಿರಲಿಲ್ಲ. ದನಿ ಮಾತ್ರ ಐದು ವರ್ಷದ ಹಿಂದಿನ ದಾರಕ್ಕಾಗಿ ಕಾಯುತ್ತ ಅದೇ ಸಾಲನ್ನು ಇನ್ನೊಂದು ಬಗೆಯಲ್ಲಿ ತಿರುಗಿಸಿತು, ಮತ್ತೊಂದು ಬಗೆಯಲ್ಲಿ ತಿರುಗಿಸಿತು. ರಾಕ್ಷಸ ಒಂದು ಸುತ್ತು ಕುಣಿದ, ಎರಡನೆಯದು ಕುಣಿದ.

ಆಮೇಲೆ ರಾಕ್ಷಸ ವೇದಿಕೆಯ ನಟ್ಟನಡುವೆ ಕಾಲು ಚಾಚಿಕೊಂಡು ಕೂತುಬಿಟ್ಟ.

ಪರದೆಯ ಹಿಂದೆ ದೇಚಮ್ಮ ಕೂತಿದ್ದಳು. ಅವಳ ಗೆಜ್ಜೆ ನಿಂತದ್ದು ಕೇಳಿ ಅಶ್ವಿನ್ ಒಂದು ಕ್ಷಣ ನಿಂತ, ಅವನೂ ಕೂತ. ಆಚೆ ಬದಿಯಲ್ಲಿ ರಾಜಕುಮಾರಿಯನ್ನು ಹೊತ್ತು ನಿಂತಿದ್ದ ನಿಕಿತಾ ಕೂತಳು. ಮೂರು ಗೊಂಬೆಗಳೂ ಎತ್ತಿನ ಕಣ್ಣು ತೆರೆದುಕೊಂಡು ಜನರನ್ನು ನೋಡುತ್ತ ಕೂತವು. ಟ್ರ್ಯಾಕ್ ಮಾತ್ರ ಏಳು ಕಡಲು, ಏಳು ಕಡಲು ಎಂದು ಹಾಡುತ್ತಲೇ ಇತ್ತು. ಯಂತ್ರ ಕೆಟ್ಟಿದೆ ಎಂದುಕೊಂಡು ಜನ ನಗತೊಡಗಿದರು. ನನ್ನ ಅತ್ಯಂತ ಚಂದದ ಹಾಡಿಗೆ ಜನ ನಗುತ್ತಿದ್ದರು. ಬದುಕಿರುವಾಗ ಯಾರೂ ನಗದಿದ್ದ ಆ ದನಿಗೆ ಆಗ ಉಳಿದಿದ್ದ ಮರ್ಯಾದೆ ಅಷ್ಟೇ.

ನಾನು ಎದ್ದು ಸೌಂಡ್‌ನವನ ಮೇಜಿನ ಹತ್ತಿರ ಹೋದೆ. “ಬಂದ್ ಕರೋ ಭೈಯಾ,” ಎಂದೆ. ಅವನು ವಾದಿರಾಜರ ಕಡೆ ನೋಡಿದ. ವಾದಿರಾಜ ಬೇಡ ಬೇಡ ಎಂದು ಕೈಯಾಡಿಸುತ್ತ ಬರುತ್ತಿದ್ದರು. ಅವರು ಬರುವವರೆಗೆ ಕಾಯಲಿಲ್ಲ. ಟ್ರ್ಯಾಕಿನ ವೈರನ್ನು ಹಿಡಿದು ಎಳೆದೆ. ಹಳೆಯ ದನಿ ಸಾಲಿನ ನಡುವೆಯೇ ಕಡಿದುಹೋಯಿತು. ನನಗೆ ಒಂದು ಚೂರೂ ದುಃಖವಾಗಲಿಲ್ಲ.

ಚಾಪೆಗೆ ಮರಳಿ ಮೈಕನ್ನು ಬಾಯಿಯ ಹತ್ತಿರ ತಂದುಕೊಂಡು ಗಿಳಿಯ ಮೊದಲ ಕೂಗು ಹಾಕಿದೆ. ದನಿ ಬರಲಿಲ್ಲ. ಬರಿಯ ಗಾಳಿ ಹೊರಟು ಸ್ಪೀಕರಿನಲ್ಲಿ ಭುಸ್ಸೆಂದಿತು. ಯಾರೋ ಕಿಸಕ್ಕೆಂದರು. ಮೂರನೆಯ ಸಾಲಿನಲ್ಲಿ ಹರೀಶ್ ತಲೆ ತಗ್ಗಿಸಿದ್ದು ಕಂಡಿತು. ಅದನ್ನು ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಗ್ಗಿಸಿದ ಆ ತಲೆಯ ಮೇಲೆಯೇ ಬೀಳಲಿ ಎಂದು ಇದ್ದ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದೆ. ದನಿ ಸೀಳಿ ಹೊರಬಂತು, ನಮ್ಮ ಬೇವಿನ ಮರದಲ್ಲಿ ಬೆಳಗಾದಾಗ ಬರುವಂಥದ್ದೇ. ನಗು ನಿಂತಿತು.

*ಗೂಡು ನಂದಲ್ಲ.*
*ಪ್ರಾಣ ನಂದಲ್ಲ.*
*ಬಚ್ಚಿಟ್ಟವ ನೀನು.*
*ಕೊಲ್ಲ ಬಂದವ ನೀನು.*
*ಕುತ್ತಿಗಿ ಮಾತ್ರ ನಂದು.*
*ಕೂಗು ನಂದು.*

ಬಚ್ಚಿಟ್ಟವ ನೀನು ಎಂದಾಗ ರಾಕ್ಷಸ ಎದ್ದು ನಿಂತ, ಕೊಲ್ಲ ಬಂದವ ನೀನು ಎಂದಾಗ ರಾಜಕುಮಾರ. ನನ್ನ ಉಸಿರು ಮುಗಿದಲ್ಲೆಲ್ಲ ಗೆಜ್ಜೆ ಬಂತು. ಇನ್ನೊಂದು ಸಲ ಹಾಡಿದೆ. ಕೊನೆಯ ಸಾಲಿಗೆ ರಾಜಕುಮಾರ ಪಂಜರದ ಬಾಗಿಲು ತೆಗೆದು ಗಿಳಿಯ ಕುತ್ತಿಗೆಗೆ ಕೈ ಹಾಕಿದ. ನಮ್ಮ ಗಿಳಿಯ ಕುತ್ತಿಗೆ ಒಂದು ಬೆಣೆಯ ಮೇಲೆ ನಿಂತಿದೆ, ತಿರುವಿದರೆ ಕಳಚುತ್ತದೆ.

“ಏ, ಪೋಪಟ್‌ಗೆ ಏನೂ ಮಾಡ್ಬೇಡ,” ಎಂದು ಧೃತಿ ಗಿಳಿಯತ್ತ ಬೆರಳು ಮಾಡುತ್ತ ಕುರ್ಚಿಯ ಮೇಲೆ ಎದ್ದು ನಿಂತಳು. “ಅದರದ್ದೇನ್ ತಪ್ಪು?”

ರಾಜಕುಮಾರನ ಕೈ ನಿಂತಿತು. ಪರದೆಯ ಅಂಚಿನಿಂದ ಅಶ್ವಿನ್ ನನ್ನ ಕಡೆ ನೋಡಿದ, ಮುಂದೇನು ಎಂದು. ಮುಂದೇನೂ ಇರಲಿಲ್ಲ, ನಾನು ಬರೆದದ್ದು ಅಷ್ಟೇ. ಆದರೆ ಹುಡುಗಿಯ ಮಾತು ನ್ಯಾಯವಾಗಿತ್ತು. ಇಷ್ಟು ಕೂಗಿದ ಹಕ್ಕಿಯ ಕತ್ತನ್ನು ಯಾವನೋ ಎತ್ತಿನ ಮೇಲೆ ಬಂದವನಿಗೆ ಕೊಡುವುದು ನನ್ನಿಂದಾಗದ ಕೆಲಸ. ಹಾಗೆಂದು ರಾಕ್ಷಸನನ್ನು ಬಿಟ್ಟುಬಿಡಲೂ ನಾನು ಒಪ್ಪುವವಳಲ್ಲ. ರಾಕ್ಷಸ ಸಾಯಬೇಕು, ಅದರಲ್ಲಿ ರಾಜಿಯಿಲ್ಲ.

“ಅವನ ಪ್ರಾಣ ನನ್ನ ಗಂಟಲ್ದಾಗ ಐತಿ,” ಎಂದೆ, ಗಿಳಿಯ ರೆಕ್ಕೆ ಬಡಿಸುತ್ತ, ಮಕ್ಕಳಿಗೆ ಕೇಳುವಂತೆ. “ಜೋರ ಕೂಗಿದ್ರ ಹೊರಗ ಬೀಳ್ತೈತಿ. ನನ್ನೊಬ್ಬಾಕಿ ಕಡೆಯಿಂದ ಆಗಂಗಿಲ್ಲ. ಕೂಗ್ತೀರೇನು?”

ಕೂಗಿದರು. ಸಭಾಂಗಣದಲ್ಲಿದ್ದ ಒಂದೊಂದು ಮಗುವೂ ಕೂಗಿತು. ಮೊದಲ ಕೂಗಿಗೆ ರಾಕ್ಷಸ ತತ್ತರಿಸಿದ, ಎರಡನೆಯದಕ್ಕೆ ಮಂಡಿಯೂರಿದ. ಇನ್ನೂ ಜೋರು ಎಂದು ನಾನು ದಾರ ಎಳೆದೆ. ಹಿಂದಿನ ಸಾಲಿನಲ್ಲಿದ್ದ ದೊಡ್ಡವರು ಕೆಲವರು ಕಿವಿ ಮುಚ್ಚಿಕೊಂಡರು, ಕೆಲವರು ಮಕ್ಕಳ ಜೊತೆ ತಾವೂ ಶುರುಮಾಡಿದರು. ಕೊನೆಯ ಕೂಗನ್ನು ನಾನೊಬ್ಬಳೇ ಹಾಕಿದೆ, ಗಂಟಲಲ್ಲಿ ಇದ್ದದ್ದೆಲ್ಲ ಅಲ್ಲಿಗೆ ಮುಗಿಯಿತು. ದೇಚಮ್ಮನ ರಾಕ್ಷಸ ಇಡೀ ವೇದಿಕೆ ಅದುರುವಂತೆ ಬಿದ್ದ. ಪಂಜರದಲ್ಲಿ ಗಿಳಿ ಕುತ್ತಿಗೆ ನೆಟ್ಟಗೆ ಇಟ್ಟುಕೊಂಡು ಕೂತಿತ್ತು.

ಆಟ ಮುಗಿದ ಮೇಲೆ ಎಲ್ಲರೂ ಹೊಗಳಿದರು ಎಂದು ಹೇಳಲಾರೆ. ಸಂಘದ ಹಿರಿಯರಾದ ಸತ್ಯಭಾಮಾಬಾಯಿ ಕೋಲೂರಿಕೊಂಡು ಬಂದು, “ಮೊದಲಿನ ದನಿ ಚಂದ ಇತ್ತವಾ,” ಎಂದರು.

“ಹೌದ್ರಿ, ಚಂದ ಇತ್ತು,” ಎಂದೆ. ದನಿ ಪೂರ್ತಿ ಹೋಗಿತ್ತು, ಪಿಸುಮಾತಷ್ಟೇ ಉಳಿದಿತ್ತು. “ಇದು ಚಂದ ಇಲ್ಲ. ಇದು ನಂದು.”

ಅವರು ನನ್ನ ಕೈ ಒತ್ತಿ ಹೋದರು.

ವಾದಿರಾಜ ಮುಖ ಊದಿಸಿಕೊಂಡು ಬಂದರು. ವೈರು ಕಿತ್ತ ವಿಷಯ ಕಮಿಟಿಯಲ್ಲಿ ಚರ್ಚೆಯಾಗಬೇಕಾಗುತ್ತದೆ ಎಂದೇನೋ ಹೇಳತೊಡಗಿದರು. ಧೃತಿ ಅವರ ಅಂಗಿ ಹಿಡಿದುಕೊಂಡು ಎಡೆಬಿಡದೆ ಗಿಳಿಯ ಹಾಗೆ ಕಿರುಚುತ್ತಿದ್ದರಿಂದ ಮುಂದಿನದು ಕೇಳಿಸಲಿಲ್ಲ. “ಆಂಟಿ, ನಮ್ಮ ಗ್ಯಾಲರಿಗೆ ಬರೋ ಪೋಪಟ್ ಬರೋಬರ್ ಹೀಗೇ ಚಿಲ್ಲಾಯಿಸುತ್ತೆ,” ಎಂದಳು ನನಗೆ. ಮಗಳ ತಲೆ ಸವರುತ್ತ ವಾದಿರಾಜ ದನಿ ಸ್ವಲ್ಪ ಇಳಿಸಿದರು.

“ಆದ್ರೂ ಮೇಡಂ… ಮಕ್ಕಳಿಗೆ ಹಿಡಿಸ್ತು. ನಾನು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದೀನಿ. ಮುಂದಿನ ವರ್ಷಕ್ಕೆ ಇದೇ ಟ್ರ್ಯಾಕ್ ಹಾಕಬಹುದು.”

“ಅಳಸ್ರಿ ಅದನ್ನ,” ಎಂದೆ. “ಮುಂದಿನ ವರ್ಷ ನಾನ ಬರ್ತೀನಿ.”

ಅವರು ಅಳಿಸುವವರೆಗೆ ಅಲ್ಲಿಯೇ ನಿಂತಿದ್ದೆ.

ಹೊರಗೆ ಇನ್ನೂ ಬಿಸಿಲಿತ್ತು. ಹರೀಶ್ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರು. ಬೆರಳು ರೂಢಿಯಂತೆ ಹಾಡಿನ ಗುಂಡಿಗೆ ಹೋಗಿ, ಮುಟ್ಟದೆ ನಿಂತಿತು. ಅಲ್ಲಿ ಚುಚ್ಚಿದ್ದ ಪೆನ್ ಡ್ರೈವನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟರು.

“ನಾ ತಲಿ ತಗ್ಗಿಸಬಾರದಿತ್ತು,” ಎಂದರು. “ಇದನ್ನ ಏನ ಮಾಡ್ಲಿ ಹೇಳು. ಒಗದಬಿಡ್ಲೇನು?”

ಸವತಿ ನನ್ನ ಅಂಗೈಯಲ್ಲಿದ್ದಳು. ಇಷ್ಟೇ ಇಷ್ಟು. ಹಿಂಡಿಬಿಡಬಹುದಿತ್ತು. ಆದರೆ ಅವಳೂ ಒಂದು ಕಾಲಕ್ಕೆ ನನ್ನ ಗಂಟಲಲ್ಲಿ ಇದ್ದವಳೇ, ಯಾರದೋ ಸಿಕ್ಕಿದ ದಾರಕ್ಕಾಗಿ ಅಷ್ಟು ಹೊತ್ತು ಕಾದು ಹಾಡಿದವಳು. ಮುಂದಿನ ಖಾನೆ ತೆರೆದು, ಗಾಡಿಯ ಕಾಗದಗಳ ಅಡಿಗೆ ಅವಳನ್ನು ಇಟ್ಟು, ಮುಚ್ಚಿದೆ.

“ಅಕಿನೂ ಇರ್ಲಿ,” ಎಂದು ಪಿಸುಗುಟ್ಟಿದೆ. “ನಡಮನ್ಯಾಗ ಬ್ಯಾಡ.”

“ಮತ್ತ ನಡಮನ್ಯಾಗ ಯಾರು?” ಎಂದರು ಹರೀಶ್.

ಉತ್ತರ ಕೊಡಲು ಗಂಟಲಲ್ಲಿ ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಕಿಟಕಿಯ ಗಾಜು ಇಳಿಸಿ, ಉಸಿರು ಎಳೆದುಕೊಂಡು, ಧರಂಪೇಠದ ಬೀದಿಗೆಲ್ಲ ಕೇಳುವಂತೆ ಕೂಗಿದೆ.